ಹಲ್ಲು ಕೀಳಿಸುವ ಮುಂಚೆ ಹಾಡಿಸಿದ ಪದ

ನನ್ನ ನಾದಿನಿಯ ಬಾಯಲ್ಲಿ ಉಳಿದಿದ್ದದ್ದು ಏಳು ಹಲ್ಲು. ಅವನ್ನೂ ಸೋಮವಾರ ಕಿತ್ತು, ವಸಡು ಮಾಗಿದ ಮೇಲೆ ಪೂರ್ತಿ ಸೆಟ್ಟು ಕೂಡಿಸೋಣ ಎಂದು ಬಳ್ಳಾರಿಯ ಹಲ್ಲಿನ ಡಾಕ್ಟರು ಹೇಳಿದ್ದರು. ಕೀಳಿಸಿಕೊಳ್ಳುವುದಕ್ಕೆ ಅವಳಿಗೆ ಹೆದರಿಕೆ ಇರಲಿಲ್ಲ. ಚಿಂತೆ ಬೇರೆಯದೇ ಇತ್ತು.

"ಅತ್ತಿಗಿ, ಹಲ್ಲು ಹೋದ ಮ್ಯಾಲ ಪದ ಹೆಂಗ ಹೇಳಲಿ? ಬರೇ ಗಾಳಿ ಬರ್ತೈತಿ" ಎಂದು ಸಿರುಗುಪ್ಪದಿಂದ ಫೋನ್ ಮಾಡಿದಳು.

ಅವಳ ಚಿಂತೆ ಸುಳ್ಳಲ್ಲ. ನಾವು ಆರು ಮಂದಿ ಸಿರುಗುಪ್ಪದ ಗದ್ದೆಗಳಲ್ಲಿ ಮೂವತ್ತು ವರ್ಷ ಭತ್ತದ ನಾಟಿ ಮಾಡಿದವರು. ಪದ ಮುಂದೆ ಹೇಳುವವಳು ನಾದಿನಿ, ಹಿಂದೆ ಹಿಡಿಯುವವರು ನಾವು ಐವರು. ಹದಿನಾರು ನುಡಿಯ ಪದ ಅದು. ಮೊದಲ ನುಡಿಯಲ್ಲಿ ಬೀಜ ನೆನೆಹಾಕುತ್ತಾರೆ, ಕೊನೆಯ ನುಡಿಯಲ್ಲಿ ಅನ್ನ ಬಸಿಯುತ್ತಾರೆ. ನಡುವೆ ಒಂದು ನುಡಿ ತಪ್ಪಿದರೂ ಅಕ್ಕಿ ಒಲೆ ಮುಟ್ಟುವುದಿಲ್ಲ. ಅವಳು ಹೇಳಿದ್ದನ್ನು ತಿರುಗಿ ಹೇಳುವುದು ನಮಗೆ ಗೊತ್ತು. ಮುಂದಿನ ನುಡಿ ಯಾವುದು ಅನ್ನುವುದು ಅವಳೊಬ್ಬಳಿಗೇ ಗೊತ್ತು. ಅವಳ ಹಲ್ಲಿನ ಜೊತೆ ಪದವೂ ಡಾಕ್ಟರ ತಟ್ಟೆಗೆ ಬೀಳುತ್ತದೆ ಅಂತ ನನಗೂ ಅನ್ನಿಸಿತು.

ಈಗ ನಾನಿರುವ ಬಳ್ಳಾರಿಯಲ್ಲೇ ನನ್ನ ಮೊಮ್ಮಗಳು ಮದುವೆ ವಿಡಿಯೋ ಮಾಡುವ ಕೆಲಸದಲ್ಲಿದ್ದಾಳೆ. "ಭಾನುವಾರ ರೆಕಾರ್ಡ್ ಮಾಡಿಬಿಡೋಣ ಅಜ್ಜಿ" ಎಂದಳು. ನಮ್ಮ ಮನೆ ಇರುವುದು ಆಟೋ ಸ್ಟ್ಯಾಂಡಿನ ಎದುರಿಗೆ, ಅಲ್ಲಿ ಹಾಡಿದರೆ ಹಾರನ್ನೇ ಮುಂದೆ ಹೇಳುತ್ತದೆ, ನಾವು ಹಿಂದೆ ಹಿಡಿಯಬೇಕು. ಹಾಗಾಗಿ ಕುರುಗೋಡಿನ ನನ್ನ ತವರುಮನೆಗೆ ಹೋದೆವು. ಸಿರುಗುಪ್ಪದ ಐವರು ಬಸ್ಸಿನಲ್ಲಿ ಅಲ್ಲಿಗೇ ಬಂದರು. ನನ್ನ ತಮ್ಮ ಮೊದಲು ಹತ್ತಿ ತುಂಬುತ್ತಿದ್ದ ಕೋಣೆ ಈಗ ಖಾಲಿ. ಕಲ್ಲಿನ ದಪ್ಪ ಗೋಡೆ, ಹೊರಗಿನ ಸದ್ದು ಒಳಗೆ ಬರುವುದಿಲ್ಲ.

ಮೊಮ್ಮಗಳು ಚೀಲ ಬಿಚ್ಚಿದಳು. ಎರಡು ಮೈಕು. ಒಂದು ವೈರಿನ ದೊಡ್ಡದು, ಇನ್ನೊಂದು ಮದುಮಗನ ಅಂಗಿಗೆ ಸಿಕ್ಕಿಸುವ ಗುಂಡಿಯಷ್ಟು ಸಣ್ಣದು. ದೊಡ್ಡದನ್ನು ನಿಲ್ಲಿಸುವ ಸ್ಟ್ಯಾಂಡನ್ನು ಹಿಂದಿನ ದಿನ ಮದುವೆ ಮಂಟಪದಲ್ಲೇ ಮರೆತು ಬಂದಿದ್ದಳು.

"ಆರು ಬಾಯಿ, ಎರಡು ಮೈಕು. ಹೆಂಗ ಮಾಡ್ತೀಯವ್ವ?" ಎಂದೆ.

"ನೀನು ಸುಮ್ನಿರಜ್ಜಿ" ಎಂದು ಒಂದು ಸ್ಟೂಲಿನ ಮೇಲೆ ಹಿಟ್ಟಿನ ಡಬ್ಬಿ, ಅದರ ಮೇಲೆ ಮೈಕು ಇಟ್ಟು, ನಮ್ಮನ್ನು ಸಾಲಾಗಿ ನಿಲ್ಲಿಸಿದಳು. ಕೈ ಎಲ್ಲಿ ಇಟ್ಟುಕೊಳ್ಳಬೇಕೋ ಯಾರಿಗೂ ತಿಳಿಯಲಿಲ್ಲ. ನಮ್ಮಲ್ಲಿ ಒಬ್ಬಳು ಆದೋನಿ ಕಡೆಯ ತೆಲುಗಿನವಳು, "ಇದೇಂದಮ್ಮಾ, ಸ್ಕೂಲು ಪ್ರೇಯರಾ?" ಎಂದು ನಗಿಸಿದಳು. ಹಾಡಿದೆವು. ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದ ಮೊಮ್ಮಗಳು ಮುಖ ಕಿವುಚಿದಳು.

"ಅಜ್ಜಿ, ನೀನು ಒಬ್ಬಾಕಿನ ಕೇಳಸ್ತಿ. ಉಳಿದೋರು ಬಂದಾರೋ ಇಲ್ಲೋ ಗೊತ್ತಾಗವಲ್ದು."

"ಅದು ನನ್ನ ತಪ್ಪೇನ? ಅವರಿಗೆ ಉಣ್ಣಾಕ ಹಾಕು."

ಸುಳ್ಳು ಹೇಳುವುದಿಲ್ಲ, ನನಗೆ ಒಳಗೊಳಗೇ ಹೆಮ್ಮೆಯಾಯಿತು. ನನ್ನ ದನಿ ಮೂರು ಗದ್ದೆ ದಾಟುತ್ತಿತ್ತು, ಈಗಲೂ ಎರಡು ದಾಟುತ್ತದೆ. ಮೊಮ್ಮಗಳು ನನ್ನನ್ನು ಸಾಲಿನ ತುದಿಗೆ ತಳ್ಳಿದಳು. ಆಗಲೂ ನಾನೇ. ಬಾಗಿಲ ಹತ್ತಿರ ನಿಲ್ಲಿಸಿದಳು. ಆಗಲೂ ನಾನೇ. ಕೊನೆಗೆ ಹೊಸ್ತಿಲ ಆಚೆ, ನೀರಿನ ಡ್ರಮ್ಮಿನ ಪಕ್ಕ. ಅಲ್ಲಿಂದ ಹಾಡಿದಾಗ ಸರಿಹೋಯಿತಂತೆ. ಆದರೆ ಮೂರನೇ ನುಡಿಗೆ ನಾದಿನಿ ನಿಂತುಬಿಟ್ಟಳು. ಮತ್ತೆ ಶುರುಮಾಡಿದೆವು, ಮತ್ತೆ ಅಲ್ಲೇ ನಿಂತಳು.

"ಸಣ್ಣಜ್ಜಿ, ಏನಾತು?"

"ನನ್ನ ಬಲಗಡಿ ಯಾರೂ ಇಲ್ಲವಲ್ಲೇ" ಎಂದಳು ನಾದಿನಿ. "ಬಲಗಡಿ ಅತ್ತಿಗಿ ಇರಬೇಕು. ಇಲ್ಲಾಂದ್ರ ಮುಂದಿಂದು ಬರಂಗಿಲ್ಲ."

ಮೂವತ್ತು ವರ್ಷ ಅವಳ ಬಲಕ್ಕೆ ನಾನೇ ಸಸಿ ಊರಿದ್ದು. ಪಕ್ಕಕ್ಕೆ ಹೋದರೆ ನಾನು ಅವಳ ದನಿಯನ್ನು ನುಂಗುತ್ತೇನೆ. ದೂರ ಹೋದರೆ ಅವಳು ಪದ ಮರೆಯುತ್ತಾಳೆ. ಸೋಮವಾರಕ್ಕೆ ಉಳಿದಿದ್ದು ಒಂದೇ ರಾತ್ರಿ.

ನಾನು ಒಳಗೆ ಬಂದು ಹೇಳಿದೆ, "ನಿಂತು ಹಾಡಿದ್ರ ಯಾರಿಗೆ ಪದ ಬರ್ತೈತಿ? ನಾವೇನು ನಿಂತು ನಾಟಿ ಮಾಡಿದ್ವಾ? ಬಗ್ಗ್ರಿ ಎಲ್ಲಾರೂ."

ಬಗ್ಗಿದೆವು. ಕೈಗೆ ಸಸಿ ಬೇಕಲ್ಲ, ತಮ್ಮನ ಹೆಂಡತಿ ಮಧ್ಯಾಹ್ನದ ಅಡುಗೆಗೆ ತಂದಿಟ್ಟಿದ್ದ ಮೆಂತ್ಯ ಸೊಪ್ಪಿನ ಕಟ್ಟುಗಳನ್ನು ಹಂಚಿದೆ. ಬಗ್ಗಿದ ಮೇಲೆ ಬಾಯಿ ನೆಲಕ್ಕೆ ಹತ್ತಿರ, ಸ್ಟ್ಯಾಂಡಿನ ಗೊಡವೆಯೇ ಇಲ್ಲ. ದೊಡ್ಡ ಮೈಕನ್ನು ಮೊಮ್ಮಗಳು ಬೋರಲು ಹಾಕಿದ ಬಕೆಟ್ಟಿನ ಮೇಲೆ ಇಟ್ಟಳು. ಸಣ್ಣ ಮೈಕನ್ನು ನಾದಿನಿಯ ಸೆರಗಿಗೆ ಸಿಕ್ಕಿಸಿದರೆ ಸೀರೆಯ ಸರಸರ ಸದ್ದೇ ಕೇಳಿಸಿತು. "ದಾರ ಕಟ್ಟಿ ಕೊರಳಿಗೆ ಹಾಕು" ಎಂದೆ. ಹಾಕಿದಳು. ನಾದಿನಿ ಬಗ್ಗಿದಾಗ ಅದು ನೇರವಾಗಿ ಅವಳ ಬಾಯ ಮುಂದೆ ಜೋತುಬಿತ್ತು. ಮೊಮ್ಮಗಳು ಕಣ್ಣರಳಿಸಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

ಉಳಿದಿದ್ದು ನನ್ನ ಬಾಯಿ. ನಾನು ನಾದಿನಿಯ ಬಲಕ್ಕೆ ನಿಲ್ಲಬೇಕು, ಆದರೆ ಹಾಡಬಾರದು. ಪದ ಶುರುವಾದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ ಅಂತ ನನಗೇ ಗೊತ್ತು. ಎಲೆಯಡಿಕೆ ತುಂಬಿಕೊಂಡೆ, ಎರಡೂ ಕೆನ್ನೆ ಉಬ್ಬುವಷ್ಟು. ಪದ ಉಳಿಯಲಿ, ನನ್ನ ದನಿ ಇಲ್ಲದಿದ್ದರೆ ಇಲ್ಲ.

ಈ ಸಲ ಪದ ತಾನಾಗಿ ಬಂತು. ನುಡಿಗೊಂದು ಹೆಜ್ಜೆ ಹಿಂದೆ, ಗದ್ದೆಯಲ್ಲಿ ಹೇಗೋ ಹಾಗೆ. ಕೈಯಲ್ಲಿನ ಮೆಂತ್ಯ ನೆಲಕ್ಕೆ ತಾಗಿಸುತ್ತಾ, ಹಿಂದೆ ಸರಿಯುತ್ತಾ ಒಂಬತ್ತನೇ ನುಡಿಗೆ ಬಂದೆವು. ಆರೂ ಜನರ ಕುಂಡಿ ಒಟ್ಟಿಗೇ ಗೋಡೆಗೆ ಬಡಿಯಿತು. ಗದ್ದೆಗೆ ಗೋಡೆ ಇರುವುದಿಲ್ಲ, ನಮಗೆ ಅಳತೆಯೇ ಹೊಳೆದಿರಲಿಲ್ಲ. ಆದೋನಿಯವಳು ಮೆಂತ್ಯ ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು. ಮೊಮ್ಮಗಳು ಹೆಡ್‌ಫೋನು ಕಿತ್ತು ನಕ್ಕಳು. ನಾನು ನಗುವ ಹಾಗಿರಲಿಲ್ಲ, ಬಾಯಿ ತುಂಬಿತ್ತು.

ಮತ್ತೆ ಮೊದಲಿನಿಂದ. ಅರ್ಧರ್ಧ ಹೆಜ್ಜೆ ಇಡಿ ಎಂದು ಕೈಸನ್ನೆ ಮಾಡಿದೆ. ಬೀಜ ನೆನೆಯಿತು, ಮೊಳೆಯಿತು, ನಾಟಿ ಆಯಿತು, ಕಳೆ ತೆಗೆದಾಯಿತು. ನಾದಿನಿಯ ದನಿ ಸಣ್ಣದು, ಆದರೆ ಏಳು ಹಲ್ಲು ಸೇರಿ ಒಂದೊಂದು ಅಕ್ಷರವನ್ನೂ ಕಚ್ಚಿ ಕೊಡುತ್ತಿದ್ದವು. ಹದಿಮೂರನೇ ನುಡಿ, ಭತ್ತ ಕುಟ್ಟುವ ಕಡೆ, ಅವಳು ಹೆಜ್ಜೆ ಇಡುವುದನ್ನು ಮರೆತಳು. ಕಾಲು ನಿಂತಿತು, ಪದವೂ ನಿಂತಿತು. ಒಂದು ಉಸಿರು, ಎರಡು ಉಸಿರು. ನನಗೆ ತಡೆಯಲಾಗಲಿಲ್ಲ. ಸಾಲು ಡೊಂಕಾದಾಗ ಗದ್ದೆಯಲ್ಲಿ ಕೂಗುತ್ತಿದ್ದಂತೆ ಕೂಗಿಬಿಟ್ಟೆ:

"ಹಿಂದಕ ಸರಿಯಲೇ!"

ಎಲೆಯಡಿಕೆ ರಸ ಬಕೆಟ್ಟಿನ ಮೇಲೆ, ಮೈಕಿನ ಮೇಲೆ, ಮೊಮ್ಮಗಳ ಬಿಳಿ ಚೂಡಿದಾರದ ಮೇಲೆ. ನಾದಿನಿ ತಟ್ಟನೆ ಅರ್ಧ ಹೆಜ್ಜೆ ಹಿಂದೆ ಇಟ್ಟಳು. ನಡುವೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹದಿಮೂರನೆಯದನ್ನು ಮುಗಿಸಿ ಹದಿನಾಲ್ಕಕ್ಕೆ ಹೋದಳು. ಗೋಡೆಗೆ ಇನ್ನೂ ಒಂದು ಗೇಣು ಇರುವಾಗ ಅನ್ನ ಬಸಿದು ಮುಗಿಸಿದಳು.

ಮೊಮ್ಮಗಳು ಬಟ್ಟೆ ಒರೆಸಿಕೊಳ್ಳುತ್ತಾ, "ನಿನ್ನ ಕೂಗಾಟ ಕಟ್ ಮಾಡ್ತೀನಜ್ಜಿ" ಎಂದಳು.

"ಮಾಡು" ಎಂದೆ.

ನಾದಿನಿ ಕೊರಳಿನ ದಾರ ಬಿಚ್ಚುತ್ತಿದ್ದವಳು ತಿರುಗಿದಳು. "ಕಟ್ ಮಾಡಿದ್ರ ನಿನ್ನ ಕೈ ಮುರೀತೀನಿ. ಅದು ಇಲ್ಲಾಂದ್ರ ಮುಂದಿನ ಮೂರು ನುಡಿ ಎಲ್ಲಿಂದ ಬರ್ತಾವು?"

ಮೆಂತ್ಯಕ್ಕೆ ಬೇಳೆ ಹಾಕಿ ಉಂಡೆವು. ಎಲೆಗಳು ಸ್ವಲ್ಪ ಬಾಡಿದ್ದವು, ಪರವಾಗಿಲ್ಲ.

ಮರುದಿನ ಹಲ್ಲು ಕಿತ್ತರು. ನಾದಿನಿ ನಮ್ಮ ಮನೆಯಲ್ಲೇ ಉಳಿದು ಗಂಜಿ ಕುಡಿಯುತ್ತಾ, ಕೆನ್ನೆ ಊದಿಸಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದಳು. ಮೊಮ್ಮಗಳ ಫೋನಿನಲ್ಲಿ ಪದ ಹಾಕಿಸಿಕೊಂಡು ಕೇಳುವುದೇ ಕೆಲಸ. ಮಾತಾಡಲು ಬಾಯಿಲ್ಲ, ಬೆರಳೆತ್ತಿ ಇನ್ನೊಂದು ಸಲ ಅನ್ನುತ್ತಿದ್ದಳು. ಹದಿಮೂರನೇ ನುಡಿಯಲ್ಲಿ ನಾನು ಕೂಗುವುದು ಬಂದಾಗ ಮಂಚದ ಮೇಲೆ ಕೂತಲ್ಲೇ ಒಂದಿಷ್ಟು ಹಿಂದೆ ಸರಿಯುತ್ತಿದ್ದಳು. ಮೂರನೇ ದಿನಕ್ಕೆ ಅವಳ ಬೆನ್ನು ಗೋಡೆಗೆ ತಾಗಿತ್ತು. ದಿಂಬು ಕೊಟ್ಟೆ.