ಏಪ್ರಿಲ್‌ನ ಪೆಟ್ಟು, ಜುಲೈಯ ಕೂದಲು

ಗಂಡಸಿನ ತಲೆಗೂದಲು ಉದುರಿದರೆ ನಮ್ಮ ಕಡೆಯ ಜನರು ನೀರನ್ನು ಬೈಯುತ್ತಾರೆ. ಬಂಟ್ವಾಳದವನು ಬೆಳ್ತಂಗಡಿಯಲ್ಲಿ ನೆಲೆಸಿದರೆ ಅವನಿಗೆ ಬೆಳ್ತಂಗಡಿಯ ನೀರು ಆಗಲಿಲ್ಲ. ಬೆಳ್ತಂಗಡಿಯವನು ಬಂಟ್ವಾಳಕ್ಕೆ ಬಂದರೆ ಬಂಟ್ವಾಳದ ನೀರು ಆಗಲಿಲ್ಲ. ಬಾವಿಯು ತಿರುಗಿ ಮಾತನಾಡುವುದಿಲ್ಲವಾದ್ದರಿಂದ ಅದನ್ನು ಬೈಯುವುದಕ್ಕೆ ಧೈರ್ಯವೇನೂ ಬೇಕಾಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ತಲೆಯನ್ನು ಬರಿದು ಮಾಡಿದವನು ಒಬ್ಬ ಮನುಷ್ಯ. ಸಿಟ್ಟು ಇಳಿಯಲಿ, ಅನಂತರ ಕ್ರಮವಾಗಿ ಬರೆದಿಡೋಣ ಎಂದು ಇಷ್ಟು ಕಾಲ ಕಾದೆ. ಅದು ಇಳಿಯಲಿಲ್ಲ. ಆದ್ದರಿಂದ ಸಿಟ್ಟನ್ನು ಜೊತೆಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕ್ರಮವನ್ನು ಮಾತ್ರ ಬಿಡುವುದಿಲ್ಲ.

ಆಗ ನಾನು ಬೆಳ್ತಂಗಡಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ಹುದ್ದೆ ತಾತ್ಕಾಲಿಕವಾದದ್ದು. ಶಾಲೆಯನ್ನು ನಡೆಸುತ್ತಿದ್ದವರು ಆ ಊರಿನ ಒಬ್ಬ ದೊಡ್ಡ ಮನೆತನದವರು. ನಾವೆಲ್ಲ ಅವರನ್ನು ಸಂಚಾಲಕರು ಎಂದು ಕರೆಯುತ್ತಿದ್ದೆವು. ಅವರದೊಂದು ಪದ್ಧತಿಯಿತ್ತು. ಮಾರ್ಚ್ ಕೊನೆಯಲ್ಲಿ ತಾತ್ಕಾಲಿಕ ಅಧ್ಯಾಪಕರೆಲ್ಲರನ್ನೂ ಕೆಲಸದಿಂದ ಬಿಡಿಸುವುದು; ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ, ಮನಸ್ಸಿಗೆ ಬಂದವರನ್ನು ಮತ್ತೆ ಕರೆಯುವುದು. ಹೀಗೆ ಪ್ರತಿವರ್ಷವೂ ಸೇವೆಯು ಮುರಿಯುತ್ತಿದ್ದುದರಿಂದ ಕಾಯಂ ಮಾಡಿ ಎಂದು ಕೇಳುವ ಹಕ್ಕು ಯಾರಿಗೂ ಹುಟ್ಟುತ್ತಿರಲಿಲ್ಲ.

ನಡುವಿನ ಎರಡು ತಿಂಗಳು ನಾವು ಮಾಡಬೇಕಾಗಿದ್ದ ಕೆಲಸಕ್ಕೆ ಮುಖ ತೋರಿಸುವುದು ಎಂದು ಹೆಸರು. ವಾರಕ್ಕೊಮ್ಮೆಯಾದರೂ ಸಂಚಾಲಕರ ಮನೆಗೆ ಹೋಗಿ ಜಗಲಿಯಲ್ಲಿ ನಿಂತಿರಬೇಕು. ಜಗಲಿಯಲ್ಲಿ ಉದ್ದನೆಯ ಬೆಂಚೊಂದಿತ್ತು. ಅದರ ಮೇಲೆ ಯಾವ ಅಧ್ಯಾಪಕನೂ ಕುಳಿತದ್ದನ್ನು ನಾನು ಕಂಡಿಲ್ಲ. ಅವರು ಆರಾಮಕುರ್ಚಿಯಲ್ಲಿ ಒರಗಿ ಪತ್ರಿಕೆಯ ಕೊನೆಯ ಪುಟದವರೆಗೂ ಓದಿ, ಕನ್ನಡಕ ತೆಗೆದು ನಮ್ಮನ್ನು ನೋಡುತ್ತಿದ್ದರು.

“ಓ, ಪಂಡಿತರು ಬಂದದ್ದಾ? ಈ ಬಿಸಿಲಿಗೆ ಸುಮ್ಮನೆ ಯಾಕೆ ಬಂದದ್ದು?”

“ಜೂನ್‌ನ ವಿಷಯ ಕೇಳುವ ಅಂತ...”

“ಜೂನ್ ಜೂನ್‌ನಲ್ಲಿ ಬರ್ತದೆ ಮಾರಾಯ್ರೆ. ನೋಡುವ.”

ಆ ‘ನೋಡುವ’ವನ್ನು ಹೊತ್ತುಕೊಂಡು ನಾನು ಬಂಟ್ವಾಳದ ಮನೆಗೆ ಮರಳುತ್ತಿದ್ದೆ. ತಂದೆ ತೀರಿಹೋಗಿದ್ದರು, ಮನೆಯಲ್ಲಿ ತಾಯಿಯೊಬ್ಬರೇ. ನನಗೆ ಪಾಠ ಮಾಡುವುದನ್ನು ಬಿಟ್ಟು ಬೇರೆ ಕೆಲಸ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇರಲಿಲ್ಲ. ಕಾಯಂ ಹುದ್ದೆಯೊಂದು ಸಿಕ್ಕಿದರೆ ಬದುಕಿಡೀ ತರಗತಿಯಲ್ಲಿ ನಿಲ್ಲಬಹುದು. ಸಿಗದಿದ್ದರೆ ಬದುಕಿಡೀ ಆ ಜಗಲಿಯಲ್ಲಿ ನಿಲ್ಲಬೇಕು. ಏಪ್ರಿಲ್ ಮತ್ತು ಮೇ ತಿಂಗಳಿಡೀ ನನಗೆ ಊಟ ಸೇರುತ್ತಿರಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡರೆ ದವಡೆಯು ತನ್ನಷ್ಟಕ್ಕೆ ಬಿಗಿದುಕೊಳ್ಳುತ್ತಿತ್ತು.

ನನ್ನನ್ನು ಮೊದಲ ಸಲ ಬಿಡಿಸಿದ ವರ್ಷ ಜೂನ್‌ನಲ್ಲಿ ಕರೆ ಬಂತು. ಅದುವರೆಗೆ ಬಂಟ್ವಾಳದಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದವನು ಬೆಳ್ತಂಗಡಿಯಲ್ಲಿ ಕೋಣೆ ಹಿಡಿದು ನೆಮ್ಮದಿಯ ಉಸಿರು ಬಿಟ್ಟೆ. ಆ ತಿಂಗಳು ಮುಗಿಯುವ ಮೊದಲೇ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಕೂದಲು, ದಿಂಬಿನ ಮೇಲೆ ಕೂದಲು, ಗಂಜಿಯ ಬಟ್ಟಲಿನಲ್ಲಿ ಕೂದಲು. ತಲೆ ಬಾಚದೆ ಬಂದ ಹುಡುಗರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದ ಅಧ್ಯಾಪಕ ನಾನು. ತೆರೆದಿಟ್ಟ ಪುಸ್ತಕದ ಮೇಲೆ ಬಿದ್ದ ನನ್ನದೇ ಕೂದಲನ್ನು ಪಾಠದ ನಡುವೆ ಊದಿ ಹಾರಿಸುವಾಗ ಹಿಂದಿನ ಬೆಂಚಿನಿಂದ ಕಿಸಕ್ಕೆಂಬ ಸದ್ದು ಕೇಳಿಬರುತ್ತಿತ್ತು.

ತಾಯಿಗೆ ಕಾರಣ ಹುಡುಕುವುದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

“ಇಲ್ಲಿದ್ದಷ್ಟು ದಿನ ಒಂದು ಕೂದಲು ಬಿದ್ದಿಲ್ಲ. ಅಲ್ಲಿಗೆ ಹೋದ ಕೂಡಲೇ ಬಿತ್ತು. ನೀರಲ್ಲದೆ ಮತ್ತೆ ಎಂಥದು?”

ತರ್ಕವು ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ನೆರೆಯವರು ಒಪ್ಪಿದರು, ಸೋದರಮಾವ ಒಪ್ಪಿದರು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ, ನಮ್ಮ ಮನೆಯ ಬಾವಿಯ ನೀರನ್ನು ದೊಡ್ಡದೊಂದು ಕ್ಯಾನಿನಲ್ಲಿ ತುಂಬಿಸಿಕೊಂಡು ನಾನು ಬಸ್ಸು ಹತ್ತುತ್ತಿದ್ದೆ. ಹೊರಗೆ ಜುಲೈ ತಿಂಗಳ ಮಳೆ ಸುರಿಯುತ್ತಿತ್ತು.

“ಎಂಥ ಮಾಷ್ಟ್ರೇ, ಕ್ಯಾನಿನಲ್ಲಿ ಕಳ್ಳು ಉಂಟಾ?” ಎಂದು ಕಂಡಕ್ಟರ್ ಕೇಳಿದ.

“ನೀರು.”

“ನೀರಾ! ಬೆಳ್ತಂಗಡಿಯಲ್ಲಿ ಮಳೆ ಸಾಲಲಿಲ್ಲವಾ?”

“ತಲೆಗೆ ಹಾಕಲಿಕ್ಕೆ.”

ಅವನು ನನ್ನ ತಲೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ನೋಡಿದ. “ಹಾಗಾದರೆ ಒಂದು ಕ್ಯಾನ್ ಸಾಕಾಗ್ಲಿಕ್ಕಿಲ್ಲ.” ಇಡೀ ಬಸ್ಸು ನಕ್ಕಿತು.

ಅಕ್ಟೋಬರ್ ಹೊತ್ತಿಗೆ ಉದುರುವುದು ನಿಂತು ಸಣ್ಣ ಸಣ್ಣ ಕೂದಲು ಮೂಡಿತು. ತಾಯಿ ಗೆದ್ದರು. ಕೂದಲು ಉದುರುವ ನೆಂಟರಿಷ್ಟರಿಗೆಲ್ಲ ನಮ್ಮ ಬಾವಿಯ ಗುಣಗಾನ ತಲುಪಿತು. ಮರುವರ್ಷ ಮತ್ತೆ ಮಾರ್ಚ್, ಮತ್ತೆ ಜಗಲಿ, ಮತ್ತೆ ‘ನೋಡುವ’. ಈ ಬಾರಿ ಜೂನ್‌ನ ಮೊದಲ ದಿನದಿಂದಲೇ ಮನೆಯ ನೀರು ಹೊತ್ತೆ. ಬೆಳ್ತಂಗಡಿಯ ಒಂದು ಹನಿಯನ್ನೂ ತಲೆಗೆ ಸೋಕಿಸಲಿಲ್ಲ. ಕೂದಲು ಹಿಂದಿನ ವರ್ಷಕ್ಕಿಂತ ಹೆಚ್ಚಾಗಿ ಉದುರಿತು. “ಬಸ್ಸಿನಲ್ಲಿ ಕುಲುಕಿದರೆ ನೀರಿನ ಗುಣ ಹೋಗ್ತದೆ” ಎಂದು ಸೋದರಮಾವ ತೀರ್ಪು ಕೊಟ್ಟರು.

ಮೂಡುಬಿದಿರೆಯಲ್ಲಿದ್ದ ನನ್ನ ಅಕ್ಕನ ಗಂಡ ಹಾಸ್ಯಗಾರ. “ಇನ್ನು ಹೆಣ್ಣು ನೋಡ್ಲಿಕ್ಕೆ ಹೋಗುವಾಗ ಟೊಪ್ಪಿ ಹಾಕಿಯೇ ಹೋಗುವುದಾ ಭಾವ?” ಎಂದು ನಗಿಸಿದವರೇ ಮರುದಿನ ನನ್ನನ್ನು ಆ ಊರಿನ ಒಬ್ಬ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವೈದ್ಯರು ನನ್ನ ಕೂದಲಿನ ಒಂದು ಚಿಕ್ಕ ಗೊಂಚಲನ್ನು ಮೆಲ್ಲನೆ ಎಳೆದು, ಕೈಗೆ ಬಂದುದರ ಬುಡವನ್ನು ಬೆಳಕಿಗೆ ಹಿಡಿದರು.

“ನಿಮ್ಮ ತಂದೆಯವರ ತಲೆ ಹೇಗಿತ್ತು?”

“ಕೊನೆಯವರೆಗೂ ತುಂಬಿತ್ತು.”

“ಟೈಫಾಯ್ಡ್, ದೊಡ್ಡ ಜ್ವರ, ಎಂಥಾದರೂ ಬಂದಿತ್ತಾ?”

“ಇಲ್ಲ.”

“ಉದುರ್ಲಿಕ್ಕೆ ಸುರುವಾದದ್ದು ಯಾವಾಗ?”

“ಜೂನ್ ಕೊನೆಗೆ. ಹೋದ ವರ್ಷವೂ ಹಾಗೆಯೇ. ನೀರು ಬದಲಾದದ್ದರಿಂದ...”

“ನೀರು ಅಲ್ಲಿರಲಿ. ಜೂನನ್ನೂ ಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ನಿಮಗೆ ಏನಾಯಿತು ಹೇಳಿ.”

ಹೇಳಿದೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವರು ಕೊನೆಯವರೆಗೂ ಕೇಳಿಸಿಕೊಂಡು, ತರಗತಿಯಲ್ಲಿ ವಿವರಿಸುವಂತೆ ವಿವರಿಸಿದರು. ತಲೆಯ ಪ್ರತಿಯೊಂದು ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ಉದುರಿ, ಹೊಸತಕ್ಕೆ ದಾರಿ ಬಿಡುತ್ತದೆ. ದೊಡ್ಡ ಜ್ವರವೋ ಸಾವಿನ ದುಃಖವೋ ಬಿಡದೆ ಕಾಡುವ ಭಯವೋ ದೇಹವನ್ನು ಹಿಡಿದರೆ ಬಹಳಷ್ಟು ಕೂದಲುಗಳು ಅವಧಿಗೆ ಮೊದಲೇ ಒಟ್ಟಾಗಿ ವಿಶ್ರಾಂತಿಗೆ ಇಳಿಯುತ್ತವೆ. ಆದರೆ ಅವು ಆ ದಿನವೇ ಬೀಳುವುದಿಲ್ಲ. ಎರಡು ಮೂರು ತಿಂಗಳು ತಡೆದು ಬೀಳುತ್ತವೆ.

“ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ಅದು ತಲೆಯ ಮೇಲೆ ಕಾಣುವುದು ಜುಲೈಯಲ್ಲಿ. ಅಷ್ಟರಲ್ಲಿ ನಿಮಗೆ ಕೆಲಸ ಸಿಕ್ಕಿ ಸಮಾಧಾನ ಆಗಿರ್ತದೆ, ಹಾಗಾಗಿ ನೀರನ್ನು ಹಿಡಿದುಕೊಳ್ತೀರಿ. ಎಲ್ಲ ಬೋಳುತಲೆಯೂ ಚಿಂತೆಯಿಂದಲೇ ಅಂತ ನಾನು ಹೇಳುವುದಿಲ್ಲ. ಹೆಚ್ಚಿನ ಗಂಡಸರಿಗೆ ಅದು ವಂಶದಿಂದ ಬಂದದ್ದು. ನಿಮ್ಮದು ಹಾಗೆ ಕಾಣುವುದಿಲ್ಲ.”

“ಔಷಧಿ?”

“ಎಣ್ಣೆ ಬೇಕಾದರೆ ಬರೆದು ಕೊಡ್ತೇನೆ. ಆದರೆ ನಿಲ್ಲಬೇಕಾದದ್ದು ನಿಮ್ಮ ಆ ಮಾರ್ಚ್. ಅದು ನನ್ನ ಕೈಯಲ್ಲಿಲ್ಲ.”

ಎಣ್ಣೆಯ ಚೀಟಿ ಕೇಳದೆ ಹೊರಗೆ ಬಂದೆ. ಇಷ್ಟು ಕಾಲ ಬಾವಿಯನ್ನು, ಕ್ಯಾನನ್ನು, ಎಣ್ಣೆಯನ್ನು, ಬಸ್ಸಿನ ಕುಲುಕಾಟವನ್ನು ವಿಚಾರಣೆಗೆ ಗುರಿಪಡಿಸಿದ ಒಂದು ಊರು, ಆರಾಮಕುರ್ಚಿಯಲ್ಲಿ ಒರಗಿದ ಒಬ್ಬನನ್ನು ಮಾತ್ರ ಬಿಟ್ಟುಬಿಟ್ಟಿತ್ತು. ಗಂಡಸು ಚಿಂತಿಸಿದರೆ ನಮ್ಮವರಲ್ಲಿ ಇರುವುದು ಒಂದೇ ಮಾತು: ತಲೆಬಿಸಿ ಮಾಡಬೇಡ ಮಾರಾಯ. ಏಟು ತಿನ್ನುತ್ತಿರುವವನಿಗೆ ನೋವು ಮಾಡಿಕೊಳ್ಳಬೇಡ ಎಂದು ಹೇಳಿದ ಹಾಗೆ! ಹೊಡೆಯುತ್ತಿರುವವನಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಅವನ ಮನೆಯ ಪೂಜೆಗೆ ಹೋಗಿ ಉಂಡು ಬರುತ್ತಾರೆ.

ಎರಡನೆಯ ಸಲ ಉದುರಿದ್ದು ಪೂರ್ತಿ ಮರಳುವ ಮೊದಲೇ ಮುಂದಿನ ಬೇಸಿಗೆ ಬಂತು, ಶಾಲೆಗೆ ಕನ್ನಡದ ಕಾಯಂ ಹುದ್ದೆಯೊಂದು ಮಂಜೂರಾಯಿತು. ತಾತ್ಕಾಲಿಕರಲ್ಲಿ ಕನ್ನಡ ಕಲಿಸುತ್ತಿದ್ದವನು ನಾನೊಬ್ಬನೇ. ನನ್ನ ತರಗತಿಯ ಫಲಿತಾಂಶದ ಬಗ್ಗೆ ದೂರಿರಲಿಲ್ಲ. ಆದರೂ ಮುಖ ತೋರಿಸಿದೆ. ಎರಡು ತಿಂಗಳೂ ತಪ್ಪದೆ ತೋರಿಸಿದೆ. ಮೇ ಕೊನೆಯ ವಾರದ ಒಂದು ಬೆಳಿಗ್ಗೆ ಜಗಲಿಯಲ್ಲಿ ನನ್ನೊಡನೆ ಇನ್ನೂ ಮೂವರು ಅಧ್ಯಾಪಕರು ನಿಂತಿದ್ದರು. ಸಂಚಾಲಕರು ಪತ್ರಿಕೆಯನ್ನು ಮಡಚಿದರು.

“ಪಂಡಿತರೇ, ನಿಮ್ಮ ಪಾಠದ ಬಗ್ಗೆ ಎರಡು ಮಾತಿಲ್ಲ. ಆದರೆ ಒಂದು ಉಂಟು.” ಅವರು ತಮ್ಮ ತುಂಬುಗೂದಲಿನ ಮೇಲೆ ಕೈಯಾಡಿಸಿದರು. “ಮಕ್ಕಳು ನಗ್ತಾರಂತೆ. ಈಗಲೇ ಹೀಗಾದರೆ, ಕಾಯಂ ಮಾಡಿದ ಮೇಲೆ ನಿವೃತ್ತಿಯವರೆಗೂ ನಗ್ತಾರೆ. ಮಾಷ್ಟ್ರು ಅಂದ ಮೇಲೆ ಒಂದು ಗತ್ತು ಬೇಕಲ್ಲ? ನಮ್ಮ ತಂಗಿಯ ಮಗ ಟ್ರೈನಿಂಗ್ ಮುಗಿಸಿ ಬಂದಿದ್ದಾನೆ. ಅವನಿರಲಿ ಅಂತ ಮಾಡಿದ್ದೇನೆ. ಬೇಸರ ಮಾಡಬೇಡಿ. ತಾತ್ಕಾಲಿಕಕ್ಕೆ ಜೂನ್‌ನಲ್ಲಿ ನೋಡುವ.”

ನಾನು ಅವರ ಮುಂದೆ ಪೂರ್ಣ ವಾಕ್ಯವೊಂದನ್ನು ಆಡಿದ್ದು ಅದೇ ಮೊದಲು.

“ಈ ಕೂದಲು ಉದುರಿದ್ದು ಈ ಜಗಲಿಯಲ್ಲಿ. ಪ್ರತಿವರ್ಷ ಎರಡು ತಿಂಗಳು ಇಲ್ಲಿ ನಿಲ್ಲಿಸಿ ಉದುರಿಸಿದವರು ನೀವು. ಉದುರಿತು ಎಂಬ ಕಾರಣಕ್ಕೆ ಕೆಲಸ ಕೊಡುವುದಿಲ್ಲ ಎನ್ನುವವರೂ ನೀವೇ.”

ಸಂಚಾಲಕರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನ್ನನ್ನು ಮನುಷ್ಯನೆಂದು ಎಣಿಸಿದಂತಾಗುತ್ತಿತ್ತು. ಒಳಗಿನ ಬಾಗಿಲಿನ ಕಡೆ ತಿರುಗಿ, “ಪಂಡಿತರಿಗೆ ಸೆಕೆ ಜಾಸ್ತಿ ಆಗಿದೆ. ಒಂದು ಲೋಟ ಮಜ್ಜಿಗೆ ಕೊಡಿ” ಎಂದರು. ಒಳಗಿನಿಂದ ಯಾರೋ ನಕ್ಕರು. ಆ ಮೂವರು ಅಧ್ಯಾಪಕರೂ ನಕ್ಕರು.

ಮಜ್ಜಿಗೆ ಬರುವ ಮೊದಲೇ ಮೆಟ್ಟಿಲಿಳಿದೆ. ಮೂವರಲ್ಲಿ ಒಬ್ಬರು, ಗಣಿತದವರು, ಓಡೋಡಿ ಬಂದು ಗೇಟಿನ ಬಳಿ ನನ್ನ ತೋಳು ಹಿಡಿದರು.

“ನಿಮಗೆ ಬೇಕಿತ್ತಾ ಇದು? ಇನ್ನು ಅವರ ಕೋಪ ನಮ್ಮ ಮೇಲೆ. ನಮ್ಮ ಜೂನ್ ಏನಾಗಬೇಕು?”

“ನೀವೂ ನಕ್ಕಿರಲ್ಲ?”

“ನಗದೆ ಮತ್ತೆಂಥ ಮಾಡುವುದು ಮಾರಾಯ್ರೆ? ಅವರು ನಮ್ಮನ್ನೇ ನೋಡ್ತಾ ಇದ್ದರು.”

ಅವರು ಮರಳಿ ಮೆಟ್ಟಿಲು ಹತ್ತಿದರು. ಆ ಬೆನ್ನನ್ನು ನೋಡುತ್ತಿದ್ದಾಗ ಉಕ್ಕಿದಷ್ಟು ಸಿಟ್ಟು ನನಗೆ ಸಂಚಾಲಕರ ಮೇಲೂ ಉಕ್ಕಿರಲಿಲ್ಲ.

ಜೂನ್‌ನಲ್ಲಿ ನನಗೆ ಕರೆ ಬರಲಿಲ್ಲ. ಬಂದಿದ್ದರೂ ಹೋಗುತ್ತಿರಲಿಲ್ಲ. ಭಾವನವರ ಪರಿಚಯದಿಂದ ಮೂಡುಬಿದಿರೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ವೈದ್ಯರು ಹೇಳಿದ್ದಂತೆಯೇ ಆ ಜುಲೈಯಲ್ಲಿಯೂ ಉದುರಿತು. ಅನಂತರ ಹಾಗೆ ಉದುರಲಿಲ್ಲ. ಹಿಂಬದಿಯ ಕೂದಲು ಮರಳಿ ಬಂತು, ಹಣೆಯ ಮೇಲಿನದು ಬರಲಿಲ್ಲ. ಅದಕ್ಕಾಗಿ ನಾನು ಕೊರಗುವುದಿಲ್ಲ. ತರಗತಿಯನ್ನು ಕಸಿದುಕೊಂಡದ್ದಕ್ಕೆ ಮಾತ್ರ ನಾನು ಯಾರನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ. ಮುದ್ರಣಾಲಯದ ಹಿಂದೆಯೇ ಶಾಲೆಯೊಂದಿತ್ತು. ಅದರ ಗಂಟೆ ಬಾರಿಸಿದಾಗಲೆಲ್ಲ ಮೊದಮೊದಲು ನಾನು ಕರಡನ್ನು ಮೇಜಿನ ಮೇಲಿಟ್ಟು ಎದ್ದು ನಿಲ್ಲುತ್ತಿದ್ದೆ. ಅಚ್ಚಿನ ಮೊಳೆ ಜೋಡಿಸುವವರು ತಲೆಯೆತ್ತಿ ನೋಡುತ್ತಿದ್ದರು. ಕ್ರಮೇಣ ಏಳುವುದನ್ನು ಬಿಟ್ಟೆ.