ಯಮನವ್ವ ಇಳಿಯುವವರೆಗೆ ಗಾಡಿ ಹೊರಡುವುದಿಲ್ಲ

ಬೆಳಗಿನ ಆರೂಕಾಲು. ಯಮಕನಮರಡಿಯ ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನ ಮುಂದೆ ಬೆಲ್ಲ ತುಂಬಿದ ಮಿನಿ ಲಾರಿಯೊಂದು ನಿಂತಿದೆ. ಅದರಡಿ ಅಂಗಾತ ಮಲಗಿರುವ ಲಕ್ಕಪ್ಪನವರ ಪಾದಗಳಷ್ಟೇ ಹೊರಗೆ ಕಾಣುತ್ತವೆ. ಮೇಲೆ ಚಾಲಕನ ಸೀಟಿನಲ್ಲಿ ಚಪ್ಪಲಿ ಕಳಚಿಟ್ಟು, ನೆರಿಗೆ ಒತ್ತಿಕೊಂಡು ಕುಳಿತವರು ಅವರ ಹೆಂಡತಿ ಯಮನವ್ವ.

"ತುಳಿ."

"ತುಳದೇನ್ರಿ."

"ಹಿಡಿ."

"ಹಿಡದೇನ್ರಿ."

ಬ್ರೇಕಿನ ಕೊಳವೆಗೆ ಹೊಕ್ಕ ಗಾಳಿ ತೆಗೆಯಲು ಕೆಳಗೆ ಲಕ್ಕಪ್ಪ ಚಕ್ರದ ಹಿಂದಿನ ಸಣ್ಣ ತಿರುಪು, ನಿಪ್ಪಲ್, ಸಡಿಲಿಸುತ್ತಾರೆ. ಬ್ರೇಕ್ ಆಯಿಲ್ ಗುಳ್ಳೆಗಳ ಸಮೇತ ಬಾಟಲಿಗೆ ಚಿಮ್ಮುತ್ತದೆ. ಅದನ್ನು ಮತ್ತೆ ಬಿಗಿ ಮಾಡಿ ಅವರು 'ಬಿಡು' ಎನ್ನುವವರೆಗೆ ಬ್ರೇಕ್ ಪೆಡಲ್ ಮೇಲಿನ ಯಮನವ್ವನ ಕಾಲು ಕದಲುವಂತಿಲ್ಲ. ತುಸು ಮೊದಲೇ ಎತ್ತಿದರೆ ಹೊರಗೆ ಹೋದ ಗಾಳಿಯೇ ಮತ್ತೆ ಒಳಗೆ. ಪೆಡಲಿಗೆ ದೂರದ ಚಕ್ರ ಮೊದಲು, ಹತ್ತಿರದ್ದು ಕಡೆಗೆ. ಒಂದೊಂದು ಚಕ್ರಕ್ಕೆ ಇಪ್ಪತ್ತು ಇಪ್ಪತ್ತೈದು ತುಳಿತ. ದಿನಕ್ಕೆ ನಾಲ್ಕು ಗಾಡಿ ಬಂದರೆ ನಾನೂರರ ಲೆಕ್ಕ.

ಮಸಗುಪ್ಪಿಯ ಕುರಿಗಾರರ ಮಗಳು ಈ ಶೆಡ್ಡಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಮೊದಲು ಗಂಡನಿಗೆ ಬುತ್ತಿ ತರುತ್ತಿದ್ದರು. ಕೆಲಸಕ್ಕಿದ್ದವರು ಯಾರೂ ನಿಲ್ಲದಾದಾಗ ಒಂದು ದಿನ ಸೀಟು ಹತ್ತಿದವರು ಇಳಿದೇ ಇಲ್ಲ. "ಲಾರ್‍ಯಾಗ ಹೆಣಮಗಳ ಕುಂತಾಳಂತ ನೋಡಾಕ ಮಂದಿ ಬರತಿದ್ರು. ನೋಡಿ ನೋಡಿ ಬ್ಯಾಸರಾಗಿ ಬಿಟ್ರು," ಎಂದು ನಗುತ್ತಾರೆ. ಬಲಮೊಣಕಾಲು ಈಗ ಮೆಟ್ಟಿಲು ಕಂಡರೆ ಮುನಿಯುತ್ತದೆ. ಬೋರ್ಡಿನ ಮೇಲೆ ಲಕ್ಕಪ್ಪನ ಹೆಸರೊಂದೇ ಇದೆ. ಇವರ ಕೆಲಸ ನೋಡಲು ಬಂದ ನನಗೆ ಅದು ಸರಿ ಕಾಣಲಿಲ್ಲ, ಯಮನವ್ವನಿಗೆ ಅದರ ಖಬರೇ ಇಲ್ಲ.

ಇವತ್ತಿನ ಲಾರಿ ಘೋಡಗೇರಿಯ ಮುರಿಗೆಪ್ಪನವರದು. ಮೊನ್ನೆ ಮನೆಯಂಗಳದಲ್ಲೇ ಬ್ರೇಕ್ ಆಯಿಲ್ ಬದಲಿಸಿದ್ದಾರೆ. ಅಂದಿನಿಂದ ಪೆಡಲ್ ಹತ್ತಿಯ ಗಾದಿ ತುಳಿದಂತೆ ಮೆತ್ತಗೆ. ಮೂರು ಟನ್ ಬೆಲ್ಲ ಹೊತ್ತು ಅವರು ಘಾಟ್ ಇಳಿಯಬೇಕು, ಹತ್ತು ಗಂಟೆಯೊಳಗೆ ಬೆಳಗಾವಿ ಮುಟ್ಟಬೇಕು.

ನಾಲ್ಕೂ ಚಕ್ರ ಮುಗಿದವು. ಪೆಡಲ್ ಗಟ್ಟಿಯಾಯಿತು. ಲಕ್ಕಪ್ಪ ಕೈ ಒರೆಸಿಕೊಂಡರು, ಮುರಿಗೆಪ್ಪ ಕೀಲಿಗೆ ಕೈ ಚಾಚಿದರು. ಯಮನವ್ವ ಮಾತ್ರ ಸೀಟು ಬಿಡದೆ ಚಹಾ ತರಿಸಿಕೊಂಡರು. ಇದು ಅವರದೇ ಪದ್ಧತಿ.

"ತುಳದು ತುಳದು ಗಟ್ಟಿ ಮಾಡಿದ್ದು ಖರೆ ಅಲ್ರಿ. ಒಂದ್ ಚಾ ಕುಡಿಯೂತನಕ ಸುಮ್ನ ಬಿಡಬೇಕು. ಆಮ್ಯಾಲ ಮೊದಲ್ನೇ ತುಳತ ಏನ್ ಹೇಳತೈತಿ, ಅದ ಖರೆ."

ಕಪ್ಪು ಖಾಲಿಯಾಯಿತು. ಯಮನವ್ವ ಒಮ್ಮೆ ತುಳಿದರು. ಕಾಲು ಮತ್ತೆ ಮೆತ್ತಗೆ ಕೆಳಗಿಳಿಯಿತು.

"ಇನ್ನೂ ಗಾಳಿ ಐತ್ರಿ."

"ಗಾಲ್ಯಾಗ ಒಂದ್ ಗುಳ್ಳಿ ಬರವಲ್ದು. ಇಳಿ ನೀ," ಎಂದು ಲಕ್ಕಪ್ಪ ರೇಗಿದರು.

"ಅಕ್ಕಾರ, ನನಗ ಹೊತ್ತಾತ್ರಿ. ಸಾವಕಾಶ ಹೊಡಕೊಂಡ ಹೋಗ್ತೇನಿ," ಎಂದು ಮುರಿಗೆಪ್ಪ ಗೋಗರೆದರು.

ಯಮನವ್ವ ಇಳಿಯಲಿಲ್ಲ. ಸೀಟಿನಿಂದಲೇ ಮುರಿಗೆಪ್ಪನತ್ತ ಬಾಗಿ ಕೇಳಿದರು: "ಅಣ್ಣಾರ, ಎಣ್ಣಿ ಬದಲ್ ಮಾಡುವಾಗ ಮ್ಯಾಲಿನ ಡಬ್ಬಿ ಒಣಗಿತ್ತೇನ್ರಿ?"

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ಆ ಪಟ್ಟಿಗೆ ಬ್ರೇಕ್ ಮೇಸ್ತ್ರಿಯನ್ನೂ ಸೇರಿಸಬೇಕು. ಮುರಿಗೆಪ್ಪ ತಲೆ ಕೆರೆದುಕೊಂಡು ಬಾಯಿ ಬಿಟ್ಟರು. ನಿಪ್ಪಲ್ ಬಿಚ್ಚಿ ಹಳೆ ಎಣ್ಣೆ ತೊಟ್ಟಿಕ್ಕಲು ಬಿಟ್ಟು ಅವರು ಎಮ್ಮೆ ಹಿಂಡಲು ಹೋಗಿದ್ದರು. ಹಿಂಡಿ ಬರುವಷ್ಟರಲ್ಲಿ ಮೇಲಿನ ಎಣ್ಣೆ ಡಬ್ಬಿ ಬರಿದಾಗಿ ಗಾಳಿ ಎಳೆದುಕೊಂಡಿತ್ತು. ಹೊಸ ಎಣ್ಣೆ ತುಂಬಿ, ಯಾರಿಗೂ ಹೇಳದೆ ಸುಮ್ಮನಾಗಿದ್ದರು.

ಹಾಗಾದರೆ ಗಾಳಿ ಇರುವುದು ಚಕ್ರಗಳ ಕಡೆಗಲ್ಲ, ಪೆಡಲ್ ತುಳಿದಾಗ ಎಣ್ಣೆ ನೂಕುವ, ಡಬ್ಬಿಯ ಬುಡದ ದೊಡ್ಡ ಸಿಲಿಂಡರಿನಲ್ಲಿ. ಲಕ್ಕಪ್ಪ ಪಾನಾ ಹಿಡಿದು, ಸುತ್ತ ಅರಿವೆ ಹಾಸಿ, ಅಲ್ಲಿನ ಪೈಪ್ ಸಡಿಲಿಸಿದರು. ಯಮನವ್ವ ತುಳಿದು ಹಿಡಿದರು. ಬುಸ್ಸೆಂದು ನೊರೆ ಬಂತು. ಎಂಟು ಹತ್ತು ಸಲ ಹೀಗೇ ಮಾಡಿದ ಮೇಲೆ ಬರೀ ಎಣ್ಣೆ ಬಂತು. ನಾಲ್ಕೂ ಚಕ್ರ ಮತ್ತೊಮ್ಮೆ ಆದವು, ಮತ್ತೊಂದು ಚಹಾ ಆಯಿತು. ಈ ಸಲ ಮೊದಲ ತುಳಿತಕ್ಕೇ ಪೆಡಲ್ ಕಲ್ಲಿನಂತೆ ನಿಂತಿತು. ಯಮನವ್ವ ಚಪ್ಪಲಿ ಮೆಟ್ಟಿ ಇಳಿದರು.

ಲಾರಿ ಹೋದ ಮೇಲೆ ಲಕ್ಕಪ್ಪ ನನ್ನತ್ತ ತಿರುಗಿ, "ನನ್ನ ಕೈಗಿಂತ ಅಕಿ ಕಾಲ ಶ್ಯಾಣ್ಯಾ ಐತ್ರಿ," ಎಂದರು. ಹೆಂಡತಿಗೆ ಕೇಳಿಸದಷ್ಟು ಸಣ್ಣಗೆ.

ಒಂಬತ್ತಕ್ಕೆ ಫೋನ್ ಬರುತ್ತದೆ. ಘಾಟ್ ಇಳಿದ ಮುರಿಗೆಪ್ಪ ಹೇಳುತ್ತಾರೆ: "ಗಟ್ಟಿ ಐತ್ರಿ ಅಕ್ಕಾರ." ಯಮನವ್ವ 'ಹೂಂ' ಎಂದಷ್ಟೇ ಹೇಳಿ ಫೋನ್ ಇಡುತ್ತಾರೆ. ಅಲ್ಲಿಯವರೆಗೆ ಅವರು ರೊಟ್ಟಿ ಮುಟ್ಟಿರಲಿಲ್ಲ ಎಂಬುದು ನನಗೆ ಆಗ ಹೊಳೆಯುತ್ತದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ರೊಟ್ಟಿ ಮುರಿಯುತ್ತ ಹೇಳುತ್ತಾರೆ:

"ಇಷ್ಟ ವರ್ಷ ತುಳದದ್ದೆಲ್ಲಾ ನಿಂತ ಗಾಡಿ ಬ್ರೇಕ್ ರಿ. ಒಮ್ಮೆ ಓಡೂ ಗಾಡಿ ನಾನ ತುಳದು ನಿಲ್ಲಸಬೇಕು."