ಹಮೂರ್ ಬಿಟ್ಟೆ, ಏನೀಗ?

ಕೈಗೆ ಬಂದ ಹಮೂರ್ ಮೀನನ್ನು ನೀರಿಗೆ ಬಿಟ್ಟೆ. ಅಷ್ಟಕ್ಕೇ ಸದಾನಂದಣ್ಣ ಒಂದು ವಾರದಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಸದಾನಂದಣ್ಣ ಉಡುಪಿ ಕಡೆಯವರು. ಇಲ್ಲಿ ಕತಾರಿನ ಅಲ್ ಮನ್ಸೂರಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟು. ನಾನು ಮೈಸೂರಿನವನು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಆದರೆ ಮೀನು ಹಿಡಿಯುವ ಹುಚ್ಚು. (ನಗಿ, ಪರವಾಗಿಲ್ಲ. ನನ್ನ ಹೆಂಡತಿ ಮೂರು ವರ್ಷದಿಂದ ನಗುತ್ತಿದ್ದಾಳೆ.)

ಹುಚ್ಚು ಹತ್ತಿಸಿದ್ದು ಬ್ರೂಕ್ ಟ್ರೌಟ್ ವಿಡಿಯೋಗಳು. ಉತ್ತರ ಅಮೆರಿಕದ ತಣ್ಣನೆ ತೊರೆಗಳ ಮೀನು. ಮೈಮೇಲೆ ನೀಲಿ ಉಂಗುರದೊಳಗೆ ಕೆಂಪು ಚುಕ್ಕಿ. ನೀರು ಬೆಚ್ಚಗಾದರೆ, ಕೊಳಕಾದರೆ ಅದಕ್ಕೆ ಉಳಿಗಾಲವಿಲ್ಲ. ಹೆಣ್ಣು ಬಾಲದಿಂದ ಜಲ್ಲಿ ಸರಿಸಿ ಮೊಟ್ಟೆಯಿಟ್ಟು ಮತ್ತೆ ಮುಚ್ಚುತ್ತದಂತೆ. ಹಿಡಿಯಲು ಹುಳು ಬೇಡ; ಕೊಕ್ಕೆಗೆ ಗರಿ, ದಾರ ಸುತ್ತಿದ ನಕಲಿ ನೊಣ ಸಾಕು. ಹಿಡಿದವರು ಎಷ್ಟೋ ಸಲ ಕೈ ಒದ್ದೆ ಮಾಡಿಕೊಂಡು, ಮೈಯ ಲೋಳೆ ಅಳಿಸದಂತೆ ಎತ್ತಿ, ಮರಳಿ ಬಿಡುತ್ತಾರೆ. ಸಸ್ಯಾಹಾರಿಗೆ ಇನ್ನೇನು ಬೇಕು?

ಕತಾರಿನಲ್ಲಿ ತೊರೆ ಇಲ್ಲ. ಇಲ್ಲದಿದ್ದರೆ ಬೇಡ, ಸಮುದ್ರವಿದೆಯಲ್ಲ! ನಜ್ಮಾ ಬಡಾವಣೆಯ ಟೈಲರ್ ಕೊಟ್ಟ ದಾರ, ಹಕ್ಕಿ ಅಂಗಡಿಯಲ್ಲಿ ಉದುರಿದ ಗರಿ ತಂದು ನೊಣ ಕಟ್ಟಿದೆ. ಶುಕ್ರವಾರ ಬಂದರೆ ಅಲ್ ಶಮಾಲ್ ತೀರ. ಮೂರು ವರ್ಷ ಒಂದು ಮೀನೂ ಬೀಳಲಿಲ್ಲ.

ಕಳೆದ ಶುಕ್ರವಾರ ಸದಾನಂದಣ್ಣನೂ ಬಂದರು. ಅವರ ಹೆಂಡತಿ ವಾರಿಜಕ್ಕ ನನ್ನನ್ನು ನಂಬಿ ಮೀನಿಗೆ ಮಸಾಲೆ ಅರೆದಿಟ್ಟಿದ್ದರು. (ಪಾಪ.) ಎಂಟು ಗಂಟೆಗೆ ದಾರ ಜಗ್ಗಿತು. ಮೊಳದುದ್ದದ ಹಮೂರ್, ಮೈತುಂಬ ಕಿತ್ತಳೆ ಚುಕ್ಕಿ! ನನ್ನ ಮೊದಲ ಮೀನು. ಕಣ್ಣು ತುಂಬಿ ಬಂತು. ಕೈ ಒದ್ದೆ ಮಾಡಿಕೊಂಡೆ, ಕೊಕ್ಕೆ ಬಿಡಿಸಿದೆ, ಬಿಟ್ಟೆ.

"ಎಂಥದು ಮಾರಾಯ್ರೇ! ಮನೆಯಲ್ಲಿ ಮಸಾಲೆ ಅರೆದಾಗಿದೆ! ತಿನ್ನುದಿಲ್ಲ ಅಂತಾದ್ರೆ ಅದಕ್ಕೆ ಸುಮ್ಮನೆ ಯಾಕೆ ನೋವು ಕೊಡುದು?"

ಊಟದ ಮಾತು ನಾಟಲಿಲ್ಲ, ನೋವಿನ ಮಾತು ನಾಟಿತು. ನೋವಾಗುತ್ತದೆ, ಸುಳ್ಳು ಹೇಳಲಾರೆ. ಮನೆಗೆ ಬಂದವನೇ ಅಷ್ಟೂ ಕೊಕ್ಕೆಗಳ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದೆ. ಇನ್ನು ಸಲೀಸಾಗಿ ಕಳಚುತ್ತದೆ. ಮೀನು ತಪ್ಪಿಸಿಕೊಂಡರೆ ಅದರ ಪುಣ್ಯ.

ಆದರೆ ಕ್ಷಮೆ? ಮಾಫಿ! ಇಲ್ಲಿನ ಅರಬಿಯಲ್ಲಿ ಹಾಗೆಂದರೆ 'ಇಲ್ಲ'. ಕೇಳುವುದಿಲ್ಲ. ಈ ಊರಿಗೆ ಬಂದ ನಾವೆಲ್ಲ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು ಊರಿಗೆ ಸಾಗಿಸುವವರೇ. ವಾರಕ್ಕೊಮ್ಮೆಯಾದರೂ ಸಿಕ್ಕಿದ್ದನ್ನು ಬಿಡುವ ಸುಖ ನನಗೆ ಬೇಕು.

ಆ ಮಸಾಲೆ ಬದನೆಕಾಯಿಗೆ ಬಿತ್ತಂತೆ. ನಾಳೆ ಮತ್ತೆ ಶುಕ್ರವಾರ. ಮತ್ತೆ ಹೋಗುತ್ತೇನೆ, ಸಿಕ್ಕರೆ ಮತ್ತೆ ಬಿಡುತ್ತೇನೆ.

ಬರ್ತೀರಾ ಸದಾನಂದಣ್ಣ, ಮಸಾಲೆ ಅರೆಸದೆ?